ಎಡಕುಮೇರಿಯಿಂದ ಬಂದ ಮಳೆ

ಅಂಕಣಕ್ಕೆ ಬಿಳಿಯ ಗೆರೆಗಳನ್ನು ಅಷ್ಟೊಂದು ಅಚ್ಚುಕಟ್ಟಾಗಿ ಹಾಕಿಸದೆ ಇದ್ದಿದ್ದರೆ ಬಸವರಾಜು ಮೇಷ್ಟ್ರಿಗೆ ಈ ಅವಸ್ಥೆ ಬರುತ್ತಿರಲಿಲ್ಲ. ಹೆತ್ತೂರಿನಿಂದ ಆರು ಮೈಲಿ ಆಚೆಗಿರುವ ಹೊನ್ನಗುಂಡಿಯ ಪದವಿ ಕಾಲೇಜಿಗೆ ಸರ್ಕಾರದ ಅನುದಾನದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಅಂಕಣ ದೊರೆತಾಗ, ಅಲ್ಲಿಯ ದೈಹಿಕ ಶಿಕ್ಷಣ ಅಧ್ಯಾಪಕರಾದ ಅವರು ಒಂದು ಕೈಯಲ್ಲಿ ನಿಯಮಗಳ ಪುಸ್ತಕ, ಇನ್ನೊಂದು ಕೈಯಲ್ಲಿ ಅಳತೆಯ ಟೇಪು ಹಿಡಿದು, ಮೂರು ದಿನ ಮೊಣಕಾಲೂರಿ ಕುಳಿತು ಗೆರೆ ಹಾಕಿಸಿದ್ದರು. ನಡುಗೆರೆ, ನಡುವೃತ್ತ, ಎರಡು ಬುಟ್ಟಿಗಳ ಮುಂದಿನ ದೊಡ್ಡ ಕಮಾನುಗಳು, ಯಾವುದರಲ್ಲೂ ಒಂದಂಗುಲ ಹೆಚ್ಚುಕಡಿಮೆಯಿರಲಿಲ್ಲ. ಬಳಿಕ ಹುಡುಗಿಯರ ತಂಡವೊಂದನ್ನು ಕಟ್ಟಿ, ಕಾಲೇಜು ಹುಟ್ಟಿದ ಮೇಲೆ ಮೊದಲ ಬಾರಿಗೆ ಪಂದ್ಯಾವಳಿಗೆ ಹೆಸರು ಕೊಟ್ಟರು. ಗೆರೆಗಳು ಆಟಕ್ಕೆಂದು ಹುಟ್ಟಿದವು. ಬಳಕೆಗೆ ಬಂದದ್ದು ಪಾಲು ಹಂಚಿಕೊಳ್ಳುವುದಕ್ಕೆ.

ನವೆಂಬರ್ ಕೊನೆಗೆ ಕಾಫಿ ಕೊಯ್ಲು ಆರಂಭವಾಯಿತು. ಅಷ್ಟು ನುಣುಪಾದ, ಅಷ್ಟು ಸಮತಟ್ಟಾದ, ಬೆಳಗಿನಿಂದ ಸಂಜೆಯವರೆಗೆ ನೆರಳು ಬೀಳದ ಸಿಮೆಂಟು ನೆಲ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಮೊದಲು ಬಂದವರು ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರಾದ ಎಸ್ಟೇಟ್ ತಿಮ್ಮಯ್ಯನವರು. ಸ್ವಂತ ಕಣವಿದ್ದ ಆ ಮಹನೀಯರು “ಎರಡೇ ದಿನ ಮೇಷ್ಟ್ರೆ” ಎಂದು ಟ್ರ್ಯಾಕ್ಟರಿನಲ್ಲಿ ಸಿಪ್ಪೆ ಸುಲಿದು ತೊಳೆದ ಅರೇಬಿಕಾ ಬೀಜ, ಅಂದರೆ ಪಾರ್ಚ್‌ಮೆಂಟ್ ತಂದು ನಡುಗೆರೆಯ ಈಚೆಗೆ ಹರವಿಸಿದರು. ಆ ಎರಡು ದಿನ ಎರಡು ತಿಂಗಳಾದವು. ನಡುಗೆರೆಯ ಆಚೆಗೆ, ದೊಡ್ಡ ಕಮಾನಿನೊಳಗೆ, ಪ್ರಾಂಶುಪಾಲ ದೇವೀರಪ್ಪನವರ ರೋಬಸ್ಟಾ ಚೆರಿ, ಸಿಪ್ಪೆಸಮೇತ ಒಣಗಿಸುವ ಇಡೀ ಹಣ್ಣು, ಬಂತು. ನಟ್ಟನಡುವಿನ ವೃತ್ತದಲ್ಲಿ ಕಾಲೇಜಿನ ಗೇಟಿನೆದುರು ಕ್ಯಾಂಟೀನು ನಡೆಸುವ ಸುಮಿತ್ರಮ್ಮನವರ ಕಾಳುಮೆಣಸು, ಇಟ್ಟ ಕುಂಕುಮದಂತೆ ದುಂಡಗೆ ಕುಳಿತಿತು. ಒಂದು ಬುಟ್ಟಿಯ ಕಬ್ಬಿಣದ ಬಳೆಗೆ ಟಾರ್ಪಾಲಿನ ಹಗ್ಗ ಬಿಗಿದರು. ಇನ್ನೊಂದಕ್ಕೆ ತೂಕದ ಕೊಕ್ಕೆ ಸಿಕ್ಕಿಸಿದರು. ಮೂವರೂ ಗೆರೆಗಳನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ, ಆಟದ ನಿಯಮವನ್ನು ಅವರಷ್ಟು ಶ್ರದ್ಧೆಯಿಂದ ಯಾವ ಆಟಗಾರ್ತಿಯೂ ಪಾಲಿಸಿರಲಾರಳು.

ತಂಡದ ಹುಡುಗಿಯರು ಎಲ್ಲಿಗೆ ಹೋಗಬೇಕು? ಕೆಳಗಿನ ಹುಲ್ಲು ಬಯಲಿಗೆ ಹೋದರು. ಅಲ್ಲಿ ಇಬ್ಬನಿ ಹನ್ನೊಂದು ಗಂಟೆಯವರೆಗೂ ಆರುವುದಿಲ್ಲ. ನೆಲಕ್ಕೆ ಬಡಿದ ಚೆಂಡು ಹಸಿ ಸಗಣಿಯಂತೆ ಅಲ್ಲೇ ಕೂತುಬಿಡುತ್ತದೆ. ಚೆಂಡನ್ನು ಪುಟಿಸುತ್ತ ಓಡುವುದು ಬ್ಯಾಸ್ಕೆಟ್‌ಬಾಲಿನ ಅಕ್ಷರಾಭ್ಯಾಸ. ಆ ಅಕ್ಷರಾಭ್ಯಾಸವೇ ಇಲ್ಲದ ಮಕ್ಕಳನ್ನು ಮೇಷ್ಟ್ರು ಪರೀಕ್ಷೆಗೆ ಕರೆದೊಯ್ಯಬೇಕಾಯಿತು. ಮೊದಲ ಪಂದ್ಯದಲ್ಲಿ ನಾಯಕಿ ಮಾನಸಾ ಚೆಂಡನ್ನು ನೆಲಕ್ಕೆ ಬಡಿದಳು. ಅದು ತಿರುಗಿ ಬಂತು. ಆಕೆ ಬೆಚ್ಚಿ ಹಿಂದಕ್ಕೆ ಹಾರಿದಳು. ಆ ದಿನದ ಫಲಿತಾಂಶ ನಾಲ್ಕಕ್ಕೆ ಅರವತ್ತೊಂದು. ಆಮೇಲಿನ ಆರು ಪಂದ್ಯಗಳ ವಿವರ ಬರೆಯುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ಏಳಕ್ಕೆ ಏಳನ್ನೂ ಸೋತರು ಎಂದರೆ ಸಾಕು.

ಹೀಗಿರಲು ಪಂದ್ಯಾವಳಿ ನಡೆಸುವ ಕ್ರೀಡಾ ಸಮಿತಿಯಿಂದ ಒಂದು ಪತ್ರ ಬಂತು. ಪ್ರತಿಯೊಂದು ಕಾಲೇಜೂ ಋತು ಮುಗಿಯುವುದರೊಳಗೆ ಒಂದು ಪಂದ್ಯವನ್ನಾದರೂ ತನ್ನದೇ ಅಂಕಣದಲ್ಲಿ ನಡೆಸಿಕೊಡಬೇಕು. ನಡೆಸದ ಕಾಲೇಜಿನ ತಂಡವನ್ನು ಮುಂದಿನ ಎರಡು ವರ್ಷ ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷದ ಹೊತ್ತಿಗೆ ಮಾನಸಾ ಮತ್ತವಳ ಗೆಳತಿಯರೆಲ್ಲ ಕಾಲೇಜು ಮುಗಿಸಿರುತ್ತಾರೆ. ಅಲ್ಲಿಗೆ ತಂಡದ ಕತೆ ಮುಗಿದಂತೆ. ಉಳಿದಿದ್ದುದು ಒಂದೇ ಪಂದ್ಯ: ಜನವರಿಯ ಕೊನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಆಲೂರು ತಾಲ್ಲೂಕು ಪಾಳ್ಯದ ಕಡೆಯ ಕಲ್ಲುಕೊಪ್ಪಲು ಕಾಲೇಜಿನ ಮೇಲೆ. ಆ ತಂಡವೂ ಏಳಕ್ಕೆ ಏಳು ಸೋತಿತ್ತು. ಗೆಲ್ಲುವ ಆಸೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿಕೊಳ್ಳಬಹುದಾಗಿತ್ತು.

ಮೇಷ್ಟ್ರು ಹದಿನೈದು ದಿನ ಮೊದಲೇ ಮೂವರಿಗೂ ಬರಹದಲ್ಲಿ ತಿಳಿಸಿದರು. ಮೂವರೂ “ಅದಕ್ಕೇನಂತೆ” ಎಂದರು. ಶನಿವಾರ ಬೆಳಗ್ಗೆ ಎಂಟಕ್ಕೆ ಬಂದು ನೋಡಿದರೆ ಕಾಫಿ, ಚೆರಿ, ಮೆಣಸು ಮೂರೂ ತಂತಮ್ಮ ಗೆರೆಗಳೊಳಗೆ ನೆಮ್ಮದಿಯಿಂದ ಬಿಸಿಲು ಕಾಯುತ್ತಿದ್ದವು.

ಮೇಷ್ಟ್ರು ಮೊದಲು ಹೋದದ್ದು ತಿಮ್ಮಯ್ಯನವರ ಬಳಿಗೆ. ಅವರು ಅಂಕಣದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು.

“ಸಾರ್, ಇವತ್ತು ಮ್ಯಾಚು.”

“ನೆನಪೈತೆ ಮಾರಾಯ. ಕಾಗ್ದುಕ್ಕೆ ಸೈನ್ ಹಾಕಿದ್ದು ನಾನೇ ಅಲ್ವಾ? ಆಡ್ಸಿ, ಜೋರಾಗಿ ಆಡ್ಸಿ.”

“ಎಲ್ಲಿ ಆಡಿಸ್ಲಿ ಸಾರ್?”

“ಕೋರ್ಟ್‌ನಾಗೆ.”

“ಕೋರ್ಟ್ ತುಂಬ ಕಾಫಿ ಇದೆಯಲ್ಲ.”

“ತುಂಬ ಎಲ್ಲೈತ್ರೀ? ನಂದು ಅರ್ಧ. ನಡುಗೆರೆ ದಾಟಿ ಒಂದು ಬೀಜ ಹೋಗಿದ್ರೆ ಕೇಳಿ, ಕಿವಿ ಹಿಡ್ಕೊಂತೀನಿ. ಆ ಕಡೆ ಅರ್ಧ ಐತಲ್ಲ, ಅದ್ರಾಗೆ ಆಡ್ಸಿ.”

“ಎರಡು ಕಡೆ ಬುಟ್ಟಿಯೂ ಬೇಕು ಸಾರ್. ಅವರು ಒಂದಕ್ಕೆ ಹಾಕ್ಬೇಕು, ನಾವು ಒಂದಕ್ಕೆ.”

“ಚೆಂಡು ಎಷ್ಟು?”

“ಒಂದು.”

“ಒಂದು ಚೆಂಡಿಗೆ ಎರಡು ಬುಟ್ಟಿ ಯಾಕ್ರೀ? ಇದೇ ಕಣ್ರೀ ದುಂದು ಅನ್ನೋದು!” ಎಂದ ತಿಮ್ಮಯ್ಯನವರು ಬಗ್ಗಿ ನಾಲ್ಕು ಬೀಜ ಆರಿಸಿ ಮೇಷ್ಟ್ರ ಅಂಗೈಗೆ ಹಾಕಿದರು. “ಕಚ್ಚಿ ನೋಡಿ.”

“ಯಾಕೆ ಸಾರ್?”

“ಕಚ್ಚಿ ಅಂದೆ.”

ಮೇಷ್ಟ್ರು ಕಚ್ಚಿದರು.

“ಮೆತ್ತಗೈತಾ? ಇನ್ನೊಂದು ಬಿಸಿಲು ಬೇಕು ಅಂತೈತೆ. ಅದ್ರ ಮಾತು ನಾನು ಕೇಳ್ಬೇಕಾ, ನಿಮ್ ಮಾತು ಕೇಳ್ಬೇಕಾ? ಹೋಗ್ಲಿ, ಪ್ರಿನ್ಸಿಪಾಲ್ರು ಎತ್ತುಸ್ಲಿ, ನಾನೂ ಎತ್ತುಸ್ತೀನಿ. ನಾನೊಬ್ನೇ ಮೊದ್ಲು ಎತ್ತುದ್ರೆ ಅಧ್ಯಕ್ಷ ಮೇಷ್ಟ್ರಿಗೆ ಹೆದ್ರುಕೊಂಡ ಅಂತಾರೆ ಊರೋರು.”

ಪ್ರಾಂಶುಪಾಲ ದೇವೀರಪ್ಪನವರು ತಮ್ಮ ಕೋಣೆಯಲ್ಲಿ ನೈತಿಕ ಶಿಕ್ಷಣ ಸಪ್ತಾಹದ ಭಾಷಣ ಸಿದ್ಧಪಡಿಸುತ್ತಿದ್ದರು. ಮೇಷ್ಟ್ರ ಮಾತನ್ನು ಕಣ್ಣು ಮುಚ್ಚಿ ಕೇಳಿದರು.

“ನೋಡಿ ಬಸವರಾಜು, ನನ್ನ ಚೆರಿ ಅಲ್ಲಿರೋದು ಸ್ವಾರ್ಥಕ್ಕಲ್ಲ. ಅಧ್ಯಕ್ಷರು ಒಬ್ರೇ ಹರವಿದ್ರೆ ಜನ ಆಡ್ಕೊಂತಾರೆ. ಪ್ರಾಂಶುಪಾಲರೂ ಹರವಿದ್ರೆ ಅದು ಸಂಸ್ಥೆಯ ತೀರ್ಮಾನ ಆಗುತ್ತೆ. ಸಂಸ್ಥೆಯ ಮಾನ ಉಳಿಸೋಕೆ ನಾನು ಹರವಿದ್ದು.”

“ಹಾಗಾದ್ರೆ ಸಂಸ್ಥೆಯ ಮಾನಕ್ಕೋಸ್ಕರ ಇವತ್ತೊಂದಿನ ಎತ್ತಿಸಿಬಿಡಿ ಸಾರ್.”

“ಅಧ್ಯಕ್ಷರಿಗಿಂತ ಮೊದ್ಲಾ?” ದೇವೀರಪ್ಪನವರ ಕಣ್ಣು ತೆರೆಯಿತು. “ಅದು ಅವಿಧೇಯತೆ.”

ಸುಮಿತ್ರಮ್ಮ ಮಾತ್ರ ಮೇಷ್ಟ್ರನ್ನು ಆದರದಿಂದ ಕೂರಿಸಿ ಕಾಫಿ ಕೊಟ್ಟರು.

“ನಂದು ಯಾವ ಮಹಾ ಐತೆ ಮೇಷ್ಟ್ರೆ? ಒಂದು ಚಕ್ರ. ಒಂದು ಎಮ್ಮೆ ಮಲಗೋ ಜಾಗ.”

“ಅಮ್ಮ, ಆಟ ಶುರುವಾಗೋದೇ ಆ ಚಕ್ರದಿಂದ.”

“ಬ್ಯಾರೆ ಕಡೆಯಿಂದ ಶುರು ಮಾಡಿ. ನಿಮ್ ಹುಡ್ಗೀರು ರಂಗೋಲಿ ತುಳೀದಂಗೆ ಬಳಸ್ಕೊಂಡು ಹೋಗಾಕಿಲ್ವಾ? ನಾವು ಚಿಕ್ಕೋರಿದ್ದಾಗ ಕುಂಟೆಬಿಲ್ಲೆನೇ ಹಂಗೆ ಆಡ್ತಿದ್ವಪ್ಪ. ದೊಡ್ಡೋರು ಎತ್ಲಿ, ಹಿಂದೇನೇ ನಾನೂ ಎತ್ಬುಡ್ತೀನಿ. ಬಡವೀದು ಯಾಕೆ ಮೊದ್ಲು?”

ಮೂವರ ಮಾತಿನಲ್ಲಿಯೂ ಒಂದೊಂದು ತರ್ಕವಿತ್ತು, ಮೂರು ತರ್ಕಗಳೂ ಒಂದರ ಬಾಲವನ್ನು ಇನ್ನೊಂದು ಕಚ್ಚಿ ದುಂಡಗೆ ಮಲಗಿದ್ದವು. ಮಾಡುವವರಿಗೆ ಅನ್ಯಾಯವು ಅನ್ಯಾಯವೆಂದು ಗೊತ್ತಿದ್ದರೆ ಎಂದಾದರೂ ನಾಚಿಕೆಯಾದೀತು. ತಾನು ಒಬ್ಬನೇ ಅಲ್ಲವಲ್ಲ ಎಂಬ ಸಮಾಧಾನವೊಂದು ಸಿಕ್ಕಿಬಿಟ್ಟರೆ ಆ ನಾಚಿಕೆಗೂ ರಜೆ!

ಹತ್ತು ಗಂಟೆಗೆ ಮೇಷ್ಟ್ರು ಅಂಕಣಕ್ಕೆ ಮರಳಿದಾಗ ಮತ್ತೊಂದು ಅನಾಹುತ ಕಾದಿತ್ತು. ಮಾನಸಾಳ ತಂದೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಎಳೆಯುವ ಮರದ ಹಲಗೆ ಅವಳ ಕೈಗೆ ಹೊಸದಲ್ಲ. “ದೊಡ್ಡೋರು ಜಗಳ ಮುಗಿಸ್ಲಿ, ಅಷ್ಟರಲ್ಲಿ ನಾವೇ ಒಂದು ಕಡೆ ಗುಡ್ಡೆ ಹಾಕಿ ಉಪಕಾರ ಮಾಡೋಣ” ಎಂದು ನಾಲ್ವರು ಗೆಳತಿಯರೊಂದಿಗೆ ಪ್ರಾಂಶುಪಾಲರ ಚೆರಿಯನ್ನು ಎಳೆಯತೊಡಗಿದ್ದಳು. ಕಪ್ಪಗೆ ಒಣಗಿ ಗೋಲಿಯಂತಾಗಿದ್ದ ಚೆರಿ ಹಲಗೆಯ ಏಟಿಗೆ ಉರುಳಿತು. ಉರುಳುತ್ತ ಉರುಳುತ್ತ, ಎರಡು ತಿಂಗಳಿಂದ ಯಾರೂ ದಾಟದಿದ್ದ ನಡುಗೆರೆಯನ್ನು ದಾಟಿ, ಅಧ್ಯಕ್ಷರ ಬೆಳ್ಳನೆಯ ಪಾರ್ಚ್‌ಮೆಂಟಿನೊಳಗೆ ಕಾಲಿಟ್ಟಿತು.

ತಿಮ್ಮಯ್ಯನವರು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿಯೂ ಅವರೊಂದಿಗೆ ಎದ್ದಿತು.

“ಯಾರೇ ಅದು! ಅರೇಬಿಕಾಕ್ಕೆ ರೋಬಸ್ಟಾ ಬೆರ್ಸಿದ್ದು! ಬೀಜ ಕೊಳ್ಳೋ ಕ್ಯೂರಿಂಗ್‌ನೋರು ನೋಡುದ್ರೆ ನನ್ ಮುಖಕ್ಕೆ ಉಗೀತಾರೆ!”

“ಗೊತ್ತಾಗ್ಲಿಲ್ಲ ಸಾರ್, ಆಟಕ್ಕೆ ಜಾಗ ಮಾಡೋಣ ಅಂತ…” ಎಂದಳು ಮಾನಸಾ.

“ಆಟ ಆಮ್ಯಾಕೆ. ಕೂತ್ಕೊಳ್ರೇ! ಒಂದೊಂದೇ ಆರ್ಸಿ. ಒಂದು ಕರೀದು ಉಳ್ಕೊಂಡ್ರೂ ಏಳಂಗಿಲ್ಲ.”

ಪ್ರಾಂಶುಪಾಲರೂ ಅಲ್ಲಿಗೆ ಬಂದರು. ತಮ್ಮ ವಿದ್ಯಾರ್ಥಿನಿಯರನ್ನು ಕಾಪಾಡಬಹುದೆಂದು ಮೇಷ್ಟ್ರು ನಿರೀಕ್ಷಿಸಿದರು. ದೇವೀರಪ್ಪನವರು ಕನ್ನಡಕ ಸರಿಪಡಿಸಿಕೊಂಡು, “ಆರಿಸಿದ್ದನ್ನು ಈ ಕಡೆಗೆ ಹಾಕ್ರಮ್ಮ, ಅಲ್ಲೇ ಬಿಡ್ಬೇಡಿ” ಎಂದು ಹೇಳಿ ಹೋದರು.

ಆ ದೃಶ್ಯವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಪಂದ್ಯದ ದಿನ. ಬೆನ್ನ ಮೇಲೆ ಕಾಲೇಜಿನ ಹೆಸರು ಹೊತ್ತ ನೀಲಿ ಅಂಗಿಗಳು. ಆ ಅಂಗಿಗಳನ್ನು ತೊಟ್ಟ ಐವರು ಆಟಗಾರ್ತಿಯರು, ತಮ್ಮದೇ ಅಂಕಣದ ಮೇಲೆ, ಸುಡುಬಿಸಿಲಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಅಧ್ಯಕ್ಷರ ಕಾಫಿಯಿಂದ ಪ್ರಾಂಶುಪಾಲರ ಕಾಫಿಯನ್ನು ಹೆಕ್ಕುತ್ತಿದ್ದಾರೆ. ಎರಡೂವರೆ ಗಂಟೆ ಹೆಕ್ಕಿದರು. ಒಬ್ಬಳೂ ಅಳಲಿಲ್ಲ. ಸೋತು ಸೋತು ಆ ಮಕ್ಕಳಿಗೆ ಅಷ್ಟರ ಮಟ್ಟಿನ ಶಿಕ್ಷಣ ದೊರೆತಿತ್ತು. ಅತ್ತಿದ್ದರೆ ಮೇಷ್ಟ್ರು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದರೇನೋ. ಮಾನಸಾ ತಲೆಯೆತ್ತಿ, “ಸಾರ್, ಕಲ್ಲುಕೊಪ್ಪಲಿನೋರು ಬಂದಾಗ ನಮ್ಮನ್ನ ಹಿಂಗೆ ನೋಡ್ತಾರಾ?” ಎಂದು ಕೇಳಿದಳು.

ಬಸವರಾಜು ಮೇಷ್ಟ್ರು ಪಂಪ್‌ಹೌಸಿನ ಹಿಂದಕ್ಕೆ ಹೋಗಿ, ಮೊಬೈಲು ತೆಗೆದು, ‘ಹೊನ್ನಗುಂಡಿ ಬೆಳೆಗಾರರ ಬಳಗ’ ಎಂಬ ವಾಟ್ಸ್ಯಾಪ್ ಗುಂಪನ್ನು ತೆರೆದರು.

ಈ ಗುಂಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಬೆಟ್ಟಗಳಲ್ಲಿ ಜನ ಅನೇಕ ವಿಷಯಗಳಲ್ಲಿ ಸುಳ್ಳು ಹೇಳುತ್ತಾರೆ. ತೋಟದ ಇಳುವರಿಯ ಬಗ್ಗೆ, ವಯಸ್ಸಿನ ಬಗ್ಗೆ, ಬೇಲಿ ಸರಿಸಿದ್ದರ ಬಗ್ಗೆ ಧಾರಾಳವಾಗಿ ಹೇಳುತ್ತಾರೆ. ಮಳೆಯ ಬಗ್ಗೆ ಮಾತ್ರ ಹೇಳುವುದಿಲ್ಲ. ಮಳೆಗಾಲದಲ್ಲಿ ಪ್ರತಿ ಬೆಳಗ್ಗೆ ಏಳಕ್ಕೆ ಯಾರ ತೋಟದಲ್ಲಿ ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಬಿತ್ತೆಂದು ಎಲ್ಲರೂ ಬರೆಯುತ್ತಾರೆ. ಅದರಲ್ಲಿ ಒಂದು ಸೆಂಟನ್ನೂ ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆಯ ಸುದ್ದಿ ಹಾಕುವವರು ತಮ್ಮ ಹೆಸರು, ಊರು, ವೇಳೆ ಮೂರನ್ನೂ ಬರೆಯಬೇಕೆಂಬುದು ಅಲ್ಲಿಯ ಕಟ್ಟಳೆ. ಬರೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಅಣ್ಣತಮ್ಮಂದಿರು ನ್ಯಾಯಾಲಯದಲ್ಲಿ ಎದುರುಬದುರು ನಿಂತಿದ್ದರೂ ಮಳೆಯ ಸುದ್ದಿಯಲ್ಲಿ ಒಬ್ಬರನ್ನೊಬ್ಬರು ನಂಬುತ್ತಾರೆ. ಆ ಊರಿನಲ್ಲಿ ಉಳಿದಿದ್ದ ಒಂದೇ ಒಂದು ಸತ್ಯ ಅದು.

ಮೇಷ್ಟ್ರು ಬದುಕಿನಲ್ಲಿ ಹಾಜರಿ ಪುಸ್ತಕದಲ್ಲಿಯೂ ಸುಳ್ಳು ಬರೆದವರಲ್ಲ. ಎರಡು ಸಲ ಬರೆದು ಅಳಿಸಿದರು. ಎಡಕುಮೇರಿಯ ನೆನಪಾಯಿತು. ಕಾಡಿನ ನಡುವಿನ ಆ ರೈಲು ನಿಲ್ದಾಣಕ್ಕೆ ರಸ್ತೆಯಿಲ್ಲ, ಅಲ್ಲಿ ಫೋನು ಹಿಡಿಯುವುದಿಲ್ಲ. ಅಲ್ಲಿ ಮಳೆ ಬಂದಿತೋ ಇಲ್ಲವೋ ಎಂದು ವಿಚಾರಿಸಿ ತಿಳಿಯಲು ದೇವರಿಂದಲೂ ಆಗದು. ಅವರು ಬರೆದರು:

‘ಎಡಕುಮೇರಿ ಕಡೆ ಭಾರೀ ಮಳೆ ಹಿಡಿದಿದೆ. ಎರಡೂವರೆ ಹೊತ್ತಿಗೆ ಘಟ್ಟ ಹತ್ತಲಿದೆ. ಹರವಿದ್ದನ್ನು ಎತ್ತಿಕೊಳ್ಳಿ. ಬಸವರಾಜು, ದೈಹಿಕ ಶಿಕ್ಷಣ ಅಧ್ಯಾಪಕ, ಹೊನ್ನಗುಂಡಿ ಕಾಲೇಜು. ಮಧ್ಯಾಹ್ನ 12.50.’

ಕಳುಹಿಸಿ ಫೋನನ್ನು ಜೇಬಿಗಿಟ್ಟು ಪಂಪ್‌ಹೌಸಿನ ಮರೆಯಿಂದ ಈಚೆಗೆ ಬರುವಷ್ಟರಲ್ಲಿ ಪ್ರಳಯ ಆರಂಭವಾಗಿತ್ತು.

“ಏಯ್, ಮಳೆ ಕಣ್ರೋ! ಎಡಕುಮೇರೀಲಿ ಹಿಡ್ದೈತಂತೆ!” ಎಂದು ತಿಮ್ಮಯ್ಯನವರು ಪಂಚೆಯನ್ನು ತೊಡೆಯವರೆಗೆ ಎತ್ತಿ ಕಟ್ಟಿ ಸ್ವತಃ ಹಲಗೆ ಹಿಡಿದಿದ್ದರು. ಮೊದಲು ಎತ್ತಿದರೆ ಮಾನ ಹೋಗುತ್ತದೆಂದಿದ್ದ ಆ ಮನುಷ್ಯ ಕೊನೆಯವನಾದರೆ ಪ್ರಾಣ ಹೋಗುತ್ತದೆನ್ನುವಂತೆ ಓಡಾಡುತ್ತಿದ್ದರು. ದೇವೀರಪ್ಪನವರು ಭಾಷಣದ ಹಾಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಎರಡು ಕೈಗಳಿಂದಲೂ ಚೆರಿ ಬಾಚಿ ಗೋಣಿಗೆ ತುಂಬುತ್ತಿದ್ದರು. ಅಧ್ಯಕ್ಷರಿಗಿಂತ ಮೊದಲು ಮುಗಿಸಿದರೆ ಅವಿಧೇಯತೆ ಎಂಬುದು ಅವರಿಗೆ ಮರೆತೇಹೋಗಿತ್ತು.

“ನನ್ ಮೆಣ್ಸು ತುಳೀಬೇಡಿ ಸ್ವಾಮಿ! ಕಣ್ಣು ಕಾಣಾಕಿಲ್ವಾ?” ಎಂದು ಸುಮಿತ್ರಮ್ಮ ಪ್ರಾಂಶುಪಾಲರನ್ನೇ ಪೊರಕೆಯಿಂದ ಪಕ್ಕಕ್ಕೆ ಸರಿಸಿದರು.

“ನಿನ್ ಮೆಣಸಿನ ಮನೆ ಹಾಳಾಗ, ನಡುವ್ಯಾಕೆ ಕೂತ್ಯೇ ನೀನು?” ಎಂದರು ತಿಮ್ಮಯ್ಯ.

“ಜಾಗ ತೋರ್ಸಿದ್ದು ನೀವೇ ಕಣ್ರೀ ಗೌಡ್ರೆ!”

ಇಪ್ಪತ್ತೈದು ನಿಮಿಷ. ಹದಿನೈದು ದಿನ ಮೊದಲಿನ ಬರಹ, ಬೆಳಗಿನಿಂದ ಮಾಡಿದ ಬಿನ್ನಹ, ಐವರು ಹುಡುಗಿಯರ ಬೆವರು, ಇವುಗಳಿಂದ ಆಗದ ಕೆಲಸವನ್ನು ಒಂದು ಸುಳ್ಳು ಇಪ್ಪತ್ತೈದು ನಿಮಿಷದಲ್ಲಿ ಮಾಡಿ ಮುಗಿಸಿತು. ನ್ಯಾಯ ಕೇಳಿದರೆ ಕಿವುಡರಾಗುವ ಜನ ನಷ್ಟ ಎಂದೊಡನೆ ಮೊಲದಂತೆ ಕಿವಿ ನಿಮಿರಿಸುತ್ತಾರೆ. ಮೂಟೆಗಳೆಲ್ಲ ಕಾಲೇಜಿನ ಜಗಲಿ ಸೇರಿದವು. ಹಗ್ಗ ಬಿಚ್ಚಿದರು, ಕೊಕ್ಕೆ ಇಳಿಸಿದರು. ಸುಮಿತ್ರಮ್ಮನವರ ಪೊರಕೆಗೆ ಒಂದು ಕಾಳೂ ಉಳಿಯಲಿಲ್ಲ. ಬಿಳಿಯ ಗೆರೆಗಳು ಆಗ ತಾನೇ ಬಳಿದಂತೆ ಹೊಳೆದವು.

ಮಾನಸಾ ಚೆಂಡನ್ನು ತಂದು ನೆಲಕ್ಕೆ ಬಡಿದಳು. ಅದು ತಿರುಗಿ ಅವಳ ಕೈಗೆ ಬಂತು. ಈ ಸಲ ಅವಳು ಹಿಂದಕ್ಕೆ ಹಾರಲಿಲ್ಲ, ನಕ್ಕಳು. ಇನ್ನೊಮ್ಮೆ ಬಡಿದಳು. ಬಡಿಯುತ್ತ ನಡೆದಳು, ನಡೆಯುತ್ತ ಓಡಿದಳು. ಉಳಿದವರೂ ಹಿಂದೆ ಓಡಿದರು. ಎರಡು ತಿಂಗಳಿಂದ ತಮ್ಮದಾಗಿಯೂ ತಮ್ಮದಲ್ಲದ ನೆಲದ ಮೇಲೆ ಆ ಮಕ್ಕಳ ಕಾಲು ಊರಿದ್ದನ್ನು ನೋಡಿ ಬಸವರಾಜು ಮೇಷ್ಟ್ರು ತಮ್ಮ ಸುಳ್ಳನ್ನು ಕ್ಷಮಿಸಿಬಿಡಬೇಕೆಂದು ಯೋಚಿಸಿದರು. ಪೂರ್ತಿ ಕ್ಷಮಿಸಲು ಮನಸ್ಸು ಒಪ್ಪಲಿಲ್ಲ. ಪಂದ್ಯ ಮುಗಿಯುವವರೆಗೆ ಮುಂದೂಡಿದರು.

ಮೂರಕ್ಕೆ ಐದು ನಿಮಿಷವಿರುವಾಗ ಹಾಸನದಿಂದ ರೆಫರಿ ಮಹೇಶ್ ಬೈಕಿನಲ್ಲಿ ಬಂದರು. ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಅಂಕಣವನ್ನು ಸುತ್ತಿ ನೋಡಿ, “ಈ ಸೀಜನ್‌ನಲ್ಲಿ ಇಷ್ಟು ಕ್ಲೀನಾಗಿರೋ ಕೋರ್ಟ್ ನಾನು ನೋಡಿಲ್ಲ ಸಾರ್” ಎಂದರು. ಮೇಷ್ಟ್ರ ಎದೆ ಉಬ್ಬಿತು.

ಮೂರು ಹೊಡೆಯಿತು. ಕಲ್ಲುಕೊಪ್ಪಲಿನ ಜೀಪು ಬರಲಿಲ್ಲ. ಮೂರೂಕಾಲಾಯಿತು, ಬರಲಿಲ್ಲ. ಆ ತಂಡದ ಮೇಡಂ ಪಂಕಜಾಕ್ಷಿಯವರಿಗೆ ಮೇಷ್ಟ್ರು ಫೋನು ಮಾಡಿದರು. ಎತ್ತಲಿಲ್ಲ. ಮಳೆಯೂ ಬರಲಿಲ್ಲ. ಆಕಾಶವು ತೊಳೆದಿಟ್ಟ ತಟ್ಟೆಯಂತೆ ಥಳಥಳಿಸುತ್ತಿತ್ತು. ಜಗಲಿಯ ಮೂಟೆಗಳ ಮೇಲೆ ಸಾಲಾಗಿ ಕುಳಿತಿದ್ದ ಮೂವರೂ ಹುಬ್ಬಿನ ಮೇಲೆ ಕೈಯಿಟ್ಟು ಪಡುವಣದ ಕಡೆಗೆ ನೋಡಿದರು.

“ಎಲ್ರೀ ಮೇಷ್ಟ್ರೆ ಮಳೆ?” ಎಂದರು ತಿಮ್ಮಯ್ಯ.

“ಬರ್ತಾ ಇರ್ಬೇಕು ಸಾರ್.”

“ಎರಡೂವರೆ ಅಂದಿದ್ರಿ.”

“ಎಡಕುಮೇರಿಯಿಂದ ಬರೋದು ಯಾವುದು ಸಾರ್ ಟೈಮಿಗೆ ಸರಿಯಾಗಿ ಬರುತ್ತೆ?”

ಸುಮಿತ್ರಮ್ಮ ಕಿಸಕ್ಕನೆ ನಕ್ಕರು. ತಿಮ್ಮಯ್ಯ ನಗಲಿಲ್ಲ.

ಮೂರೂವರೆಗೆ ರೆಫರಿಯ ಫೋನು ಮೊಳಗಿತು. ಸಮಿತಿಯ ಕಾರ್ಯದರ್ಶಿಗಳು. ಮಹೇಶ್ “ಸರಿ ಸಾರ್, ಸರಿ ಸಾರ್” ಎನ್ನುತ್ತ ಕೇಳಿ, ಫೋನಿಟ್ಟು, ಚೀಲದಿಂದ ಅಂಕಪಟ್ಟಿ ತೆಗೆದು ಬರೆಯತೊಡಗಿದರು.

“ಏನಂತೆ?” ಎಂದರು ಮೇಷ್ಟ್ರು.

“ಮ್ಯಾಚ್ ಕಲ್ಲುಕೊಪ್ಪಲಿಗೆ. ಇಪ್ಪತ್ತು–ಸೊನ್ನೆ.”

“ಬರದೆ ಇದ್ದವರು ಅವರು! ಗೆಲ್ಲೋದೂ ಅವರೇ?”

“ಅವರು ಹೊರಡೋ ಹೊತ್ತಿಗೆ ಇಲ್ಲಿ ಭಾರೀ ಮಳೆ ಅಂತ ಮೆಸೇಜ್ ಹೋಗಿದೆ ಸಾರ್. ಸಮಿತಿಯೋರಿಗೂ ಕಳ್ಸಿದ್ದಾರೆ. ನಡೆಸಿಕೊಡೋ ಕಾಲೇಜಿನೋರೇ ಮಳೆ ಅಂತ ತಿಳಿಸಿದ್ರೆ ಅಂಕಣ ಸಿದ್ಧ ಇಲ್ಲ ಅಂತ ಲೆಕ್ಕ. ಅದು ರೂಲು.”

“ನಡೆಸಿಕೊಡೋ ಕಾಲೇಜಿನೋರು ಯಾರೂ ತಿಳಿಸಿಲ್ಲ!”

ಮಹೇಶ್ ಫೋನನ್ನು ಮುಂದೆ ಹಿಡಿದರು. ಬೆಳೆಗಾರರ ಬಳಗದಿಂದ ಹೊರಟು, ಗುಂಪಿನಿಂದ ಗುಂಪಿಗೆ ಹಾರಿ, ಬೆಟ್ಟ ಇಳಿದು, ಆಲೂರು ದಾಟಿ ಪಾಳ್ಯ ಸುತ್ತಿ ಬಂದ ಆ ಸಂದೇಶದಲ್ಲಿ ದಾರಿಯಲ್ಲಿ ಆಲಿಕಲ್ಲು ಸೇರಿಕೊಂಡಿತ್ತು, ಒಂದು ಮರವೂ ಬಿದ್ದಿತ್ತು. ಬುಡದಲ್ಲಿ ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ. ಬಸವರಾಜು, ದೈಹಿಕ ಶಿಕ್ಷಣ ಅಧ್ಯಾಪಕ, ಹೊನ್ನಗುಂಡಿ ಕಾಲೇಜು.

“ಇನ್ನೊಂದು ವಿಷ್ಯ ಸಾರ್” ಎಂದರು ಮಹೇಶ್, ತಲೆ ತಗ್ಗಿಸಿಯೇ. “ನಿಮ್ಮಲ್ಲಿ ಒಂದು ಪಂದ್ಯವೂ ನಡೆದಂಗೆ ಆಗ್ಲಿಲ್ಲ. ಎರಡು ವರ್ಷ ತಂಡ ಸೇರಿಸ್ಕೊಳ್ಳಲ್ಲ ಅಂತ ಬರೀಬೇಕಾಗುತ್ತೆ.”

ಬಸವರಾಜು ಮೇಷ್ಟ್ರು ಹುಡುಗಿಯರ ಕಡೆಗೆ ನೋಡಲಿಲ್ಲ. ನೇರವಾಗಿ ನಿಂತು, ಜಗಲಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

“ಮಳೆ ಸುಳ್ಳು. ಎಡಕುಮೇರಿಯಲ್ಲಿ ಮಳೆ ಬಂದಿಲ್ಲ. ಕೋರ್ಟ್ ಖಾಲಿ ಮಾಡ್ಸೋಕೆ ನಾನೇ ಕಟ್ಟಿ ಹೇಳಿದ್ದು. ತಪ್ಪು ನನ್ನದು. ಶಿಕ್ಷೆ ನನಗೆ ಕೊಡಿ, ಆ ಮಕ್ಕಳಿಗೆ ಆಡೋಕೆ ಬಿಡಿ.”

ಜಗಲಿಯ ಮೂವರೂ ಒಟ್ಟಿಗೆ ಮಾತಾಡಿದರು.

“ಮಳೆ ವಿಷ್ಯದಾಗೆ ಸುಳ್ಳಾ! ನಮ್ಮಪ್ಪನ ಕಾಲದಿಂದ ಯಾವನೂ ಇಂಥ ಕೆಲ್ಸ ಮಾಡಿಲ್ಲ ಕಣ್ರೀ! ಅರ್ಧ ದಿನದ ಬಿಸಿಲು ತಿಂದ್ಬುಟ್ರಲ್ರೀ!” ಎಂದು ತಿಮ್ಮಯ್ಯ ಗುಡುಗಿದರು.

“ಹೊಟ್ಟೆಗೆ ಅನ್ನ ತಿಂತೀರೇನ್ರೀ? ನನ್ ಸೊಂಟ ಬಿದ್ಹೋಯ್ತು” ಎಂದರು ಸುಮಿತ್ರಮ್ಮ.

ದೇವೀರಪ್ಪನವರು ಎದ್ದು ನಿಂತರು. ಹಲ್ಲಿನ ಗುರುತು ಬಿದ್ದ ಹಾಳೆಗಳು ಇನ್ನೂ ಅವರ ಕೈಯಲ್ಲಿಯೇ ಇದ್ದವು.

“ಬಸವರಾಜು, ನಾನು ಮುಂದಿನ ವಾರ ಸತ್ಯದ ಬಗ್ಗೆ ಭಾಷಣ ಮಾಡ್ಬೇಕು. ಸಾರ್ವಜನಿಕರ ನಂಬಿಕೆಗೆ ದ್ರೋಹ ಮಾಡೋ ಅಧ್ಯಾಪಕರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಯಾವ ಮುಖ ಇಟ್ಕೊಂಡು ಮಾಡ್ಲಿ? ನೀವು ವಿವರಣೆ ಬರ್ದುಕೊಡ್ಬೇಕು.”

ಸಾರ್ವಜನಿಕರ ಅಂಕಣವನ್ನು ಎರಡು ತಿಂಗಳು ನುಂಗಿದ ಬಾಯಿ ಸಾರ್ವಜನಿಕರ ನಂಬಿಕೆಯ ಮಾತಾಡಿತು. ಮೇಷ್ಟ್ರಿಗೆ ಹೇಳಲು ನೂರು ಮಾತುಗಳಿದ್ದವು. ಸುಳ್ಳು ಹೇಳಿದ ನಾಲಗೆಯಿಂದ ಅವುಗಳಲ್ಲಿ ಒಂದನ್ನೂ ಆಡಲಾಗಲಿಲ್ಲ. ಅನ್ಯಾಯಗಾರರ ದೊಡ್ಡ ಗೆಲುವು ಇದೇ. ಅವರು ಪ್ರಾಮಾಣಿಕನನ್ನು ಒಮ್ಮೆ ಜಾರಿಸುತ್ತಾರೆ. ಆಮೇಲೆ ಅವನಿಗೇ ನೀತಿ ಹೇಳುತ್ತಾರೆ.

“ನೀವು ಒಪ್ಕೊಂಡಿದ್ದು ಒಳ್ಳೇದೇ ಸಾರ್” ಎಂದರು ಮಹೇಶ್ ಮೆಲ್ಲಗೆ. “ಆದ್ರೆ ಅದನ್ನ ಬರೆಯೋಕೆ ಈ ಹಾಳೇಲಿ ಜಾಗ ಇಲ್ಲ.” ಸಹಿ ಹಾಕಿಸಿಕೊಂಡು ಬೈಕು ಹತ್ತಿದರು.

ಬೈಕಿನ ಸದ್ದು ಮರೆಯಾಗುವ ಮೊದಲೇ ಮೇಷ್ಟ್ರ ಫೋನು ಹೊಡೆದುಕೊಂಡಿತು. ಪಂಕಜಾಕ್ಷಿ ಮೇಡಂ. ಬೆರಳು ತಾಗಿ ಸ್ಪೀಕರ್ ಹತ್ತಿತು.

“ಬಸವರಾಜು ಸಾರ್! ಫೋನ್ ಎತ್ತೋಕಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು!”

“ನನಗ್ಯಾಕೆ ಮೇಡಂ?”

“ನಿಮ್ಮ ಮಳೆಗೆ ಸಾರ್! ನಿಮಗೆ ಹೇಳೋಕೆ ನಾಚ್ಕೆ ಆಗಿ ಇಷ್ಟು ದಿನ ಹೇಳಿರ್ಲಿಲ್ಲ. ನಮ್ ಕೋರ್ಟ್ ಮೇಲೆ ಎರಡು ತಿಂಗಳಿಂದ ನಮ್ ಕಾಲೇಜು ಸೆಕ್ರೆಟರಿಗಳ ರಾಗಿ ಒಕ್ಕಣೆ. ಮೆದೆ ಅಂದ್ರೆ ಬುಟ್ಟಿ ಮುಟ್ಟೋ ಅಷ್ಟು ಎತ್ತರ. ಎಷ್ಟು ಬೇಡ್ಕೊಂಡ್ರೂ ಒಂದಿನ ಬಿಟ್ಕೊಡ್ಲಿಲ್ಲ, ಒಂದು ಮ್ಯಾಚೂ ಇಲ್ಲಿ ನಡೀಲಿಲ್ಲ, ನಮ್ ತಂಡಾನೂ ಇನ್ನೆರಡು ವರ್ಷ ಹೊರಗೇ. ಇವತ್ತು ಒಂದೂವರೆಗೆ ನಿಮ್ಮ ಮೆಸೇಜ್ ಬಂತು ನೋಡಿ, ಇಡೀ ಊರೇ ಓಡ್ಬಂದು ಅರ್ಧ ಗಂಟೇಲಿ ಖಾಲಿ ಮಾಡ್ಬಿಡ್ತು! ಗುಡಿಸಿ ಬೇರೆ ಕೊಟ್ಟವ್ರೆ! ಜೀಪ್ ಹತ್ರೇ ಅಂದ್ರೆ ನಮ್ ಹುಡ್ಗೀರು ಹತ್ತಲ್ಲ ಅಂದ್ಬಿಟ್ರು. ಮಳೆಗೆ ಹೆದ್ರಿ ಅಲ್ಲ ಸಾರ್. ಸಿಕ್ಕಿರೋ ಕೋರ್ಟ್ ಬಿಟ್ಟು ಬರೋಕೆ ಮನಸ್ಸಾಗ್ದೆ. ನಾನೂ ಬಲವಂತ ಮಾಡ್ಲಿಲ್ಲ. ಮೊದಲನೇ ಸಲ ನಮ್ ನೆಲದ ಮೇಲೆ ಆಡ್ತಾವ್ರೆ. ಕೇಳಿ ಸಾರ್, ಸದ್ದು ಕೇಳಿ…”

ಅವರು ಫೋನನ್ನು ಅಂಕಣದ ಕಡೆಗೆ ಹಿಡಿದಿರಬೇಕು. ಕಲ್ಲುಕೊಪ್ಪಲಿನ ಸಿಮೆಂಟಿನ ಮೇಲೆ ಚೆಂಡು ಬಡಿದು, ಎದ್ದು, ಮತ್ತೆ ಬಡಿಯುವ ಸದ್ದು ಮೇಷ್ಟ್ರ ಅಂಗೈಯೊಳಗಿಂದ ಕೇಳಿಬಂತು. ನಡುವೆ ಹುಡುಗಿಯರ ಕೇಕೆ. ಜಗಲಿಯ ಕಡೆಯಿಂದ ತಿಮ್ಮಯ್ಯನವರ ಮೊದಲ ಮೂಟೆ ನಡುಗೆರೆಯ ಈಚೆಗೆ ಬಂದು ಬಿದ್ದು, ಬಾಯಿ ಬಿಚ್ಚಿ, ಸುರ್ರೆಂದು ಸುರಿಯಿತು.

ನೀಲಿ ಅಂಗಿಯ ಹುಡುಗಿಯರು ಫೋನಿನ ಸುತ್ತ ಬಗ್ಗಿ ನಿಂತು ಕೇಳುತ್ತಿದ್ದರು. ಮಾನಸಾ ಹೇಳಿದಳು:

“ಚೆನ್ನಾಗ್ ಪುಟಿಸ್ತಾವ್ರೆ ಸಾರ್.”